ಅರಿಶಿನದ ಮೇಣ

"ನೀನೇ ಮಾಡದ್ದಾ ಇದ್?"

ಬಚ್ಚಾಚಾರಿ ಜಗಲಿಯಲ್ಲಿ ಕೂತು ಮೊಳದುದ್ದದ ಮಂಜಿ ದೋಣಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಹಲಸಿನ ಮರದ್ದು, ಹಾಯಿ, ಚುಕ್ಕಾಣಿ ಎಲ್ಲ ಇತ್ತು. ಊರಿಗೆಲ್ಲ ದೋಣಿ ಕಟ್ಟಿಕೊಟ್ಟವನು, ಆಟದ ದೋಣಿಯೆಂದು ಬಿಡುವ ಪೈಕಿಯಲ್ಲ.

"ಹೌದ್ ಆಚಾರ್ರೆ, ನಾನೇ," ಎಂದ ದೇವು. ಆಚಾರಿಗಳಲ್ಲೇ ಹುಟ್ಟಿ, ಉಳಿ ಬಿಟ್ಟು ಸೂಜಿ ಹಿಡಿದು ಕೋಟೇಶ್ವರದಲ್ಲಿ ದರ್ಜಿಯಾದವ. ಯುದ್ಧದ ದೆಸೆಯಿಂದ ಬಟ್ಟೆಯೇ ಇಲ್ಲ, ಅಂಗಡಿಯಲ್ಲಿ ನೊಣ ಹೊಡೆಯುವ ಬದಲು ದೋಣಿ ಮಾಡುತ್ತಾನಂತೆ. ಮಾಡಲಿ! ಅದನ್ನು ತೋರಿಸಲು ಕುಂದಾಪುರಕ್ಕೇ ಬರಬೇಕೆ? ಮಗಳು ಅಕ್ಕುವನ್ನು ನೋಡಲು ಬೈಂದೂರಿನವರು ನಾಳೆ ಬರುವಾಗ, ಇವತ್ತೇ ಬರಬೇಕೆ? ಆಚಾರಿಗೆ ಏನೋ ವಾಸನೆ ಬಡಿಯಿತು.

ಮಂಜಿಯನ್ನು ಬಾವಿಕಟ್ಟೆಯ ಕಲ್ಲುಮರಿಗೆಯ ನೀರಿಗೆ ಇಳಿಸಿ, ಎಲೆಯಡಿಕೆ ಜಗಿದು ಮುಗಿಸುವವರೆಗೂ ಕಾದ. ಒಳಗೆ ತೊಟ್ಟು ನೀರಿಲ್ಲ. ತಳದಲ್ಲಿ ಹಲಗೆ ಕೂಡಿಸಿದ ಗೆರೆಯೂ ಕಾಣದು. ದರ್ಜಿಯ ಕೈಗೆ ಇದು ಬರುವುದುಂಟೆ? ಜಗಲಿಗೆ ತಂದು ಕೂತು, ಉಗುರಿನಿಂದ ಕೆರೆದು ಮೂಸಿದ. ಮತ್ತೊಮ್ಮೆ ಮೂಸಿದ.

"ಸಂದಿಗೆ ಎಂತ ತುಂಬ್ಸದ್ದ್?"

"ಹಲ್ಸಿನ್ ಮೇಣ, ಮರದ್ ಹುಡಿ..."

"ಮತ್ತ್?"

ದೇವುವಿನ ಕಣ್ಣು ಬಾಗಿಲ ಕಡೆ ಹೋಯಿತು.

ಮೇಣ ಒಣಗಿದರೆ ಕಪ್ಪಾಗಿ ಸಂದು ಎದ್ದು ಕಾಣುತ್ತದೆ. ಹಾಗಾಗದಂತೆ ಚಿಟಿಕೆ ಅರಿಶಿನ ಸೇರಿಸಿ ನಾದುವುದು ಈ ಮನೆಯೊಂದಕ್ಕೇ ಗೊತ್ತು. ಒಡಹುಟ್ಟಿದ ತಮ್ಮನಿಗೂ ಬಚ್ಚಾಚಾರಿ ಹೇಳಿರಲಿಲ್ಲ. ಹೆಂಡತಿ ತೀರಿದ ಮೇಲೆ ಅದನ್ನು ನಾದಿಕೊಡುವವಳು ಅಕ್ಕು ಒಬ್ಬಳೇ. ಹಳೆ ರವಕೆ ಬಿಗಿ ಮಾಡಿಸಲೂ ಕೋಟೇಶ್ವರದ ದರ್ಜಿಯೇ ಬೇಕೆಂದು ಅವಳು ಹಟ ಹಿಡಿದದ್ದು ಈಗ ನೆನಪಾಯಿತು.

"ಅಕ್ಕೂ, ಇಲ್ ಬಾ ಕಾಂಬ."

ಬಾಗಿಲ ಹಿಂದೆಯೇ ಇದ್ದಳು. "ಅಪ್ಪಯ್ಯಾ, ಬೈಂದೂರಿಗೆ ನಾ ಹೋತಿಲ್ಲೆ," ಎಂದು ಒಂದೇ ಉಸಿರಿಗೆ ಅಂದುಬಿಟ್ಟಳು.

ಆಚಾರಿಗೆ ಮೈಯೆಲ್ಲ ಉರಿಯಿತು. ತನ್ನ ಮೇಣ ನಾದಿಯೇ ತನ್ನ ಕಣ್ಣಿಗೆ ಮಣ್ಣೆರಚಿದ್ದಾರಲ್ಲ! ಎದ್ದು ದಡದಡನೆ ಒಳಗೆ ಹೋದ. ಕತ್ತಿ ತರುತ್ತಾನೆಂದೇ ದೇವು ಅಂಗಳಕ್ಕೆ ಹಾರಿದ.

ತಂದದ್ದು ಮೇಣ ತುಂಬಿದ ತೆಂಗಿನ ಗೆರಟೆ. ಅದನ್ನು ಮಂಜಿಯ ಪಕ್ಕ ಕುಕ್ಕಿದ.

"ಬೈಂದೂರಿನೋರಿಗೆ ಬಪ್ಪುದ್ ಬ್ಯಾಡ ಅಂತ ಹೇಳಿ ಕಳ್ಸ್ತೆ. ಮೂತಿ ಮೇಲ್ ಬದಿಗೆ ಇನ್ನೊಂದ್ ಸಂದ್ ಬಿಟ್ಟಿದ್ರಿ. ಈಗ ನನ್ ಕಣ್ಣೆದ್ರೇ ಕೂಕಂಡ್ ತುಂಬ್ಸಿ, ಇಬ್ರೂ."