ಸಪ್ಪಳ ಮಾಡದ ಮೋಡೆಮ್

ನಾಲ್ಕನೆಯ ಸಲವೂ ಸಂಪರ್ಕ ಅರ್ಧಕ್ಕೇ ಕಡಿದಾಗ ವಿದ್ಯಾಶ್ರೀ ಗಡಿಯಾರದ ಕಡೆ ನೋಡಲಿಲ್ಲ. ನೋಡಿದರೆ ಅದು ಇನ್ನಷ್ಟು ಜೋರಾಗಿ ಓಡೀತೆಂಬ ಭಯ. ಐದು ಗಂಟೆಯೊಳಗೆ ಅಂಬವ್ವ ನೇಯ್ದ ಸೀರೆಯ ಫೋಟೊ ಮತ್ತು ಅರ್ಜಿ ದಿಲ್ಲಿಯ ಕೈಮಗ್ಗ ಪ್ರದರ್ಶನದ ಕಚೇರಿಗೆ ಇ-ಮೇಲಿನಲ್ಲಿ ಮುಟ್ಟಬೇಕು. ತಪ್ಪಿದರೆ ಇನ್ನೊಂದು ವರ್ಷ. ಅಂಬವ್ವನ ಕಣ್ಣಿನ ಪೊರೆ ಅಷ್ಟು ದಿನ ಕಾಯುವಂತಿರಲಿಲ್ಲ.

ತಪ್ಪು ತನ್ನದೇ ಎಂದು ಅವಳಿಗೆ ಖಾತ್ರಿಯಾಗಿತ್ತು. ಬೆಟಗೇರಿಯ ಆ ನೇಕಾರರ ಸಂಘದಲ್ಲಿ ಕಂಪ್ಯೂಟರ್ ಮುಟ್ಟುವವಳು ಅವಳೊಬ್ಬಳೇ. ಹೋದ ವರ್ಷದ ಪ್ರಮಾಣಪತ್ರದಲ್ಲಿ ಸಂಘದ ಹೆಸರಿತ್ತು, ಕಾರ್ಯದರ್ಶಿ ಗೋಪಣ್ಣನವರ ಹೆಸರಿತ್ತು, ನೇಯ್ದವಳ ಹೆಸರು ಇರಲಿಲ್ಲ. ಈ ಸಲ ಅದು ಇರಬೇಕು, ಅದೂ ಕನ್ನಡದಲ್ಲೇ ಇರಬೇಕು ಎಂದು ಅವಳು ಹಟ ತೊಟ್ಟಳು. ಯಾವ ಭಾರತೀಯ ಭಾಷೆಯಲ್ಲಾದರೂ ಬರೆಯಬಹುದು ಎಂದು ಅರ್ಜಿಯಲ್ಲೇ ಹೇಳಿತ್ತು. ಕಂಪ್ಯೂಟರ್ ನಡೆಸುವ ಹಳೆಯ ತಂತ್ರಾಂಶ ಲಿನಕ್ಸ್‌ನಲ್ಲಿ ಕನ್ನಡ ಮೂಡುತ್ತಿರಲಿಲ್ಲವೆಂದು, ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ನಿನ್ನೆ ಹೊಸ ಆವೃತ್ತಿ ಹಾಕಿದಳು. ಪರದೆಯ ಮೇಲೆ ತನ್ನ ಹೆಸರು ಮೂಡಿದಾಗ, ಹೆಬ್ಬೆಟ್ಟೊತ್ತುವ ಅಂಬವ್ವ ಅದನ್ನು ಬೆರಳಿಂದ ಮುಟ್ಟಿ, “ಇದ ನಾನೇನು?” ಎಂದು ಕೇಳಿದ್ದಳು.

ಇವತ್ತು ನೋಡಿದರೆ ಹೊಸ ಲಿನಕ್ಸ್‌ಗೆ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ಮಿನ ಗುರುತೇ ಇಲ್ಲ. ಅದು ಎಲ್ಲಿದೆ ಎಂದು ಹುಡುಕಿ ತೋರಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಆಮೇಲೆ ನಂಬರ್ ಹತ್ತಿತು, ಫೋಟೊ ಹೋಗತೊಡಗಿತು, ಎರಡು ನಿಮಿಷಕ್ಕೆ ಕಡಿಯಿತು. ವೇಗ ಇಳಿಸಿದಳು. ವೈರು ಬದಲಿಸಿದಳು. ಸೆಟ್ಟಿಂಗಿನ ಒಂದೊಂದು ಸಾಲನ್ನೂ ಹಳೆಯ ಪ್ರತಿಯ ಜೊತೆ ಹೋಲಿಸಿದಳು. ಬೇರೆಯಾಗಿದ್ದುದು ಒಂದೇ ಸಾಲು, ಅದನ್ನು ಬರೆದವಳೂ ತಾನೇ: ಮೋಡೆಮ್ಮಿನ ಸಪ್ಪಳ ಬಂದ್. ಲೈನು ಕೂಡುವಾಗಲೆಲ್ಲ ಅದು ಕಿರುಚುತ್ತಿತ್ತು. “ಕುರಿ ಕೊಯ್ದಂಗ ಒದರತೈತಿ, ಅದರ ಬಾಯಾಗ ಅರಬಿ ತುರುಕವಾ,” ಎಂದು ಗೋಪಣ್ಣ ವರ್ಷದಿಂದ ಗೊಣಗುತ್ತಿದ್ದರು. ಅವರಿಗೂ ಸಮಾಧಾನವಾಗಲಿ ಎಂದು ಮಾಡಿದ್ದಳು. ಸಪ್ಪಳಕ್ಕೂ ಸಂಪರ್ಕಕ್ಕೂ ಸಂಬಂಧವಿಲ್ಲವೆಂದು ಪುಸ್ತಕದಲ್ಲೇ ಬರೆದಿತ್ತು.

“ಹ್ವಾದ್ವೇನವಾ ನನ್ನ ಹಂಸ?” ಬೆಂಚಿನ ಮೇಲಿಂದ ಅಂಬವ್ವ ಕೇಳಿದಳು. ಸೀರೆಯ ದಡಿಯುದ್ದಕ್ಕೂ ಕತ್ತು ಬಗ್ಗಿಸಿ ನಿಂತ ಹಂಸಗಳ ಸಾಲು, ಅವಳ ನಾಲ್ಕು ತಿಂಗಳ ದುಡಿಮೆ.

“ಹೊಂಟಾವಬೇ, ದಾರ್ಯಾಗ ಅದಾವ.”

“ದಿಲ್ಲಿ ಅಂದ್ರ ತಡಾ ಆಗೂದ ಬಿಡು. ಇಲ್ಲೇ ಬಾಜೂಕಿನ ಹುಲಕೋಟಿ ತನಕಾದ್ರೂ ಮುಟ್ಯಾವಿಲ್ಲೊ?”

ಐದನೆಯ ಸಲ ನಂಬರ್ ಹಚ್ಚಿದ ವಿದ್ಯಾಶ್ರೀ ಕುಳಿತಲ್ಲಿ ಕೂರಲಾರದೆ ಹೊರಗಿನ ಕೋಣೆಗೆ ಬಂದಳು. ಅಲ್ಲಿ ಗೋಪಣ್ಣ, ಅದೇ ಲೈನಿನ ಇನ್ನೊಂದು ಫೋನಿನ ರಿಸೀವರನ್ನು ಕಿವಿಗೆ ಹಚ್ಚಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದರು.

“ಕಾಕಾರ, ಏನ್ ಮಾಡಾಕತ್ತೀರಿ?”

“ಶ್! ಚಿಂತಿ ಮಾಡಬ್ಯಾಡ ತಂಗಿ. ಒಳಗ ಭುಸ್ ಅನ್ನಾಕತ್ತೈತಿ. ಚಾಲೂ ಐತಿ.”

“ಪ್ರತಿ ಸಲಾನೂ ಹಿಂಗ ಎತ್ತೀರೇನ್ರಿ?”

“ಮತ್ತೇನು? ಮೊದಲಾದ್ರ ಅದು ಒದರತಿತ್ತು. ನೀ ಬಂದು ‘ಆತ್ರಿ’ ಅನ್ನೂತನಕ ಯಾರೂ ಫೋನ್ ಮುಟ್ಟತಿದ್ದಿಲ್ಲ. ಇವತ್ತ ಪಿಟಕ್ ಅನ್ನವಲ್ದು. ನಲವತ್ತ ವರ್ಷ ಮಗ್ಗದ ಕುಣ್ಯಾಗ ಕುಂತಾಂವ ನಾ. ಸಪ್ಪಳ ನಿಂತೈತಂದ್ರ ಎಳಿ ಹರದೈತಿ ಅಂತನ ಲೆಕ್ಕ. ಅದಕ್ಕ ಹರದೈತೇನಂತ ಆಗಾಗ ಎತ್ತಿ ನೋಡಾಕತ್ತೇನಿ.”

ವಿದ್ಯಾಶ್ರೀ ಬಾಯಿಗೆ ಬಂದ ಮಾತುಗಳಲ್ಲಿ ಹೆಚ್ಚಿನವನ್ನು ನುಂಗಿಕೊಂಡಳು.

“ನೀವು ಎತ್ತಿದಾಗನ ಹರಿಯಾಕತ್ತೈತ್ರಿ ಅದು.”

ಗೋಪಣ್ಣ ರಿಸೀವರನ್ನು ಕಾದ ಹಂಚಿನಂತೆ ಕೈಬಿಟ್ಟರು.

ಐದಕ್ಕೆ ಹತ್ತು ನಿಮಿಷವಿದ್ದಾಗ ಅವಳು ತಾನೇ ಬರೆದಿದ್ದ ಆ ಸಾಲನ್ನು ಅಳಿಸಿದಳು. ಮೋಡೆಮ್ ಓಣಿಗೆಲ್ಲ ಕೇಳುವಂತೆ ಕಿರುಚಿತು. ಗೋಪಣ್ಣ ಎರಡೂ ಕೈಗಳನ್ನು ಬಗಲಲ್ಲಿ ಬಿಗಿದುಕೊಂಡು ಫೋನಿನಿಂದ ಮಾರು ದೂರ ಸರಿದು ನಿಂತರು. “ಹಾಂ, ಮಷಿನ್ ಅಂದ್ರ ಹಿಂಗ ಒದರಬೇಕು ನೋಡು! ಅದರ ಬಾಯಿ ಮುಚ್ಚಂತ ಹೇಳಿದ್ದ ಯಾರು ನಿನಗ?”

ಐದಕ್ಕೆ ಮೂರು ನಿಮಿಷವಿದ್ದಾಗ ಫೋಟೊ, ಅರ್ಜಿ ಎರಡೂ ಹೋದವು.

ಮರುಗಳಿಗೆಯಲ್ಲೇ ದಿಲ್ಲಿಯ ಕಂಪ್ಯೂಟರಿನಿಂದ ತಂತಾನೇ ಉತ್ತರ ಬಂತು. ಇಂಗ್ಲಿಷಿನ ಎರಡು ಸಾಲು: ಅರ್ಜಿ ತಲುಪಿದೆ, ನೇಕಾರರ ಹೆಸರು ಹೀಗೆ ದಾಖಲಾಗಿದೆ. ಅದರ ಕೆಳಗೆ, ಕನ್ನಡದಲ್ಲಿ ಬರೆದು ಕಳಿಸಿದ ಹೆಸರು ಇರಬೇಕಾದ ಜಾಗದಲ್ಲಿ, ದಪ್ಪಗೆ ಕಂಡದ್ದು ಇಷ್ಟೇ:

??????

ವಿದ್ಯಾಶ್ರೀ ಅದನ್ನು ಮರೆಮಾಡುವ ಮೊದಲೇ ಅಂಬವ್ವ ಎದ್ದು ಬಂದು ಪರದೆಗೆ ಮುಖ ಹಚ್ಚಿದಳು. ಅವಳ ಪೊರೆಗಣ್ಣು ಅರಳಿತು.

“ಅಯ್ಯ, ಸಾಲು ಹಿಡದು ಕುತಿಗಿ ಬಗ್ಗಿಸಿ ನಿಂತಾವಲ್ಲವಾ!” ಒಂದೊಂದನ್ನೇ ಬೆರಳಿಂದ ಮುಟ್ಟಿ ಎಣಿಸಿದಳು. “ಆರೂ ನನ್ನ ಹಂಸನ. ಖರೇನ ಮುಟ್ಯಾವು. ಇನ್ನ ಇದರಾಗ ನಾ ಎಲ್ಲಿ ಅದೇನಿ, ತೋರ್ಸು.”