ಮೊದಲ ಗುಟುಕು

ಪ್ಲಾಸ್ಟಿಕ್ ಬಾಟ್ಲಿಯನ್ನು ಎಲ್ಲಿ ಎಸೆದರೂ ಸಂಜೆಯೊಳಗೆ ಅದು ಉರುಳುತ್ತಾ, ಮೊದಲು ಕುಡಿದವರ ಮನೆಗೇ ಬಂದು ಬೀಳುತ್ತಿತ್ತು. ಅದಕ್ಕೇ ದೇಸಾಯರು ಮೆಣಸಿನಕಾಯಿ ಬಿಡಿಸುವ ಆಳು ದುರುಗವ್ವನಿಗೆ ಮೊದಲ ಗುಟುಕು ಕುಡಿಸಿ, ಆಮೇಲೆ ತಾವು ಕುಡಿಯುತ್ತಿದ್ದರು. ಅವರ ಅಂಗಳ ಸ್ವಚ್ಛವಾಗಿತ್ತು. ದುರುಗವ್ವನ ಗುಡಿಸಲಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿನ್ನೆ ಬಾಣಂತಿ ಮಗಳ ಹೊರಸಿನ ಕೆಳಗೂ ಬಾಟ್ಲಿಗಳು ನುಗ್ಗಿದ್ದವು.

ಇವತ್ತೂ ಹೊಲದಲ್ಲಿ ದೇಸಾಯರು ಬಾಟ್ಲಿ ಚಾಚಿದರು. "ಹಿಡಿ, ಬಾಯಿ ಹಚ್ಚು."

"ಒಲ್ಲೆ ಧಣ್ಯಾರ."

"ಯಾಕ, ಸೊಕ್ಕು ಬಂತೇನ?"

ದುರುಗವ್ವ ಬುಟ್ಟಿಯಿಂದ ಗೋಲಿ ಸೋಡಾ ತೆಗೆದು ಹೆಬ್ಬೆರಳಿನಿಂದ ಗೋಲಿ ಒತ್ತಿದಳು. "ಇದು ಗಾಜಿಂದು. ಅಂಗಡಿಗೆ ತಿರುಗಿ ಕೊಟ್ರ ಮುಗೀತು, ಬೆನ್ನು ಹತ್ತೂದಿಲ್ಲ. ನಿಮ್ಮ ಬಾವಿ ಹಗ್ಗ ಮುಟ್ಟಿದ್ದಕ್ಕ ನಮ್ಮವ್ವನ್ನ ನಿಮ್ಮಪ್ಪ ಬಾರಕೋಲಿಂದ ಹೊಡದಿದ್ದ. ನೀವು ದಿನಾ ನನ್ನ ಎಂಜಲ ಕುಡದ್ರಿ. ಇನ್ನ ಅದೂ ಸಿಗೂದಿಲ್ಲ."

ದೇಸಾಯರು ಉಳಿದ ಹೆಂಗಸರತ್ತ ಬಾಟ್ಲಿ ಚಾಚಿದರು. ಯಾರೂ ಕೈ ನೀಡಲಿಲ್ಲ. ಬಿಸಿಲಿಗೆ ದೇಸಾಯರ ಗಂಟಲು ಒಣಗಿತ್ತು, ಮೊದಲ ಗುಟುಕು ತಾವೇ ಕುಡಿದುಬಿಟ್ಟರು.

ಸಂಜೆ ಬಾಟ್ಲಿಯೊಂದು ಟಕಟಕ ಉರುಳುತ್ತಾ ಬಂದು, ದುರುಗವ್ವನ ಗುಡಿಸಲ ಮುಂದೆ ನಿಲ್ಲದೆ ದೇಸಾಯರ ಮನೆಯತ್ತ ಸಾಗಿತು. ಬಾಗಿಲಲ್ಲಿ ನಿಂತಿದ್ದ ದುರುಗವ್ವ ಅದರ ಬೆನ್ನಿಗೇ ಕೂಗಿದಳು: "ಹೋಗು, ನಿಮ್ಮಪ್ಪ ಕಾಯಾಕತ್ಯಾನ!"