ಮದ್ದು ತುಂಬುವ ಪುಸ್ತಕ

"ಇದೇ ಸಾಕು," ಎಂದು ಡ್ವೇನ್ ಕೆಂಪು ರಟ್ಟಿನ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದ. ಬಂದೂಕಿನ ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬುವುದನ್ನು ಕಲಿಸುವ ಮೂರು ಕೈಪಿಡಿಗಳಲ್ಲಿ, ಅತಿ ಹೆಚ್ಚು ಮದ್ದು ಹಾಕಲು ಹೇಳುತ್ತಿದ್ದದ್ದು ಅದೇ. ಅವನ ಹೆಂಡತಿ ಗ್ಲೆಂಡಾ ಇನ್ನೆರಡನ್ನು ಬಂದೂಕಿನಂಗಡಿಯ ಗಾಜಿನ ಮೇಜಿನ ಮೇಲೆ ತೆರೆದಿಟ್ಟುಕೊಂಡಿದ್ದಳು.

"ಅದೇ ತೋಟಾಗೆ ಇವೆರಡೂ ಕಮ್ಮಿ ಮದ್ದು ಹೇಳ್ತಾವಲ್ಲೋ. ಕಮ್ಮಿ ಇರೋದನ್ನೇ ತಗೋ."

"ಅಷ್ಟು ಹಾಕಿದ್ರೆ ಎಲ್ಕ್ ಜಿಂಕೆ ಮುಂದೆ ನಿಂತು ಕೆಮ್ಮಿದಂಗೆ ಆಗತ್ತೆ ಕಣೇ. ವರ್ನನ್, ನೀನು ಯಾವ್ದು ನೋಡಿ ತುಂಬ್ತೀಯ? ನೀನೇ ಹೇಳಪ್ಪ ಇವಳಿಗೆ."

"ಕೆಂಪು ಪುಸ್ತಕಾನೇ. ಬೇರೆಯವೆಲ್ಲ ಅಂಜುಬುರುಕರಿಗೆ," ಎಂದು ಅಂಗಡಿಯ ವರ್ನನ್ ಎದೆಯುಬ್ಬಿಸಿದ. ಗ್ಲೆಂಡಾ ಆಗ ಅವನ ಮುಖವನ್ನು ಸರಿಯಾಗಿ ನೋಡಿದಳು. ಬಲಗಡೆಯ ಹುಬ್ಬು ಕಂದು ಪೆನ್ಸಿಲ್ಲಿನಲ್ಲಿ ಬರೆದದ್ದು. ಅದೂ ತುಸು ಮೇಲಕ್ಕೆ. ಹಾಗಾಗಿ ಅವನ ಅರ್ಧ ಮುಖ ಈಗಷ್ಟೇ ಏನೋ ದೊಡ್ಡ ಸುದ್ದಿ ಕೇಳಿದಂತಿತ್ತು.

"ಬಂದೂಕು ಹಿಂದಕ್ಕೆ ಬೆಂಕಿ ಉಗುಳ್ತಾ, ವರ್ನನ್?"

"ಒಂದೇ ಸಲ," ಎಂದು ಅವನು ತಲೆ ಕೆರೆದುಕೊಂಡ.

"ಪಾಪ. ದಿನಾ ಯಾರು ಬರೀತಾರೆ?"

"ನನ್ನ ಹೆಂಡ್ತಿ ಓಪಲ್. ಬೆಳಿಗ್ಗೆ ಕಾಫಿ ಆದ್ಮೇಲೆ."

ಗ್ಲೆಂಡಾ ಗಂಡನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಪೊದೆಯಂಥ ಅವನ ಹುಬ್ಬುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮೆಲ್ಲಗೆ ಸವರಿದಳು.

"ನೋಡು ಮಾರಾಯ, ನಂಗೆ ಚಿತ್ರ ಬರೆಯೋಕೆ ಬರಲ್ಲ."

ಡ್ವೇನ್ ಕೆಂಪು ಪುಸ್ತಕವನ್ನು ಮತ್ತೆ ಕಪಾಟಿಗೆ ಸೇರಿಸಿದ.